ಹೆಚ್ಚಾದ ಒಂದು ಗಿಳಿಹಸಿರು ಸೀರೆ

ಹೆಂಗಸರು ತುಂಬಿದ ಕೋಣೆಯಲ್ಲಿ ಒಂದು ಹೊಸ ಸೀರೆ ಹೆಚ್ಚಾಗಿ ಉಳಿದರೆ ಏನಾಗುತ್ತದೆ?

ಜಗಳ ಆಗುತ್ತದೆ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಮ್ಮ ಸ್ಟಾಫ್ ರೂಮಿನಲ್ಲಿ ಅಂಥದೊಂದು ಸೀರೆ ಇಡೀ ವಾರ ಬಿದ್ದಿತ್ತು. ಒಬ್ಬರೂ ಮುಟ್ಟಲಿಲ್ಲ. ಮುಟ್ಟುವುದಿರಲಿ, ಅದರ ಕಡೆ ನೋಡುವುದಕ್ಕೂ ಎಲ್ಲರಿಗೂ ಒಂಥರಾ. ಗಿಳಿಹಸಿರು ಮೈ, ರಾಣಿ ಗುಲಾಬಿ ದಡಿ. ಕಣ್ಣು ಮುಚ್ಚಿಕೊಂಡರೂ ಕಾಣುವಂಥ ಬಣ್ಣ. ನೋಡದೆ ಇರುವುದಾದರೂ ಹೇಗೆ?

ಮೊದಲಿನಿಂದ ಹೇಳುತ್ತೇನೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಮುಧೋಳದ ಪಕ್ಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. (ಗೊತ್ತಿಲ್ಲದವರು ಈಗ ತಿಳಿದುಕೊಳ್ಳಿ, ಮುಂದೆ ನನ್ನನ್ನು ನೋಡಿ ನಗುವುದಕ್ಕೆ ಉಪಯೋಗವಾಗುತ್ತದೆ.) ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಗ್ಯಾದರಿಂಗ್ ಅಂದರೆ ಮಕ್ಕಳ ಡಾನ್ಸು, ಅತಿಥಿಗಳ ಭಾಷಣ, ಮೈಕಿನವನ ಜೊತೆ ಜಟಾಪಟಿ. ನಮ್ಮ ಶಾಲೆಯಲ್ಲಿ ಇದರ ಜೊತೆಗೆ ಇನ್ನೊಂದು ಪದ್ಧತಿ ಇದೆ. ಆ ದಿನ ಹೆಂಗಸರೆಲ್ಲ ಒಂದೇ ಥರದ ಸೀರೆ ಉಡಬೇಕು. ಈ ಪದ್ಧತಿ ತಂದವಳು ಶೈಲಾ.

ಶೈಲಾ ನಮ್ಮ ವಿಜ್ಞಾನದ ಟೀಚರ್. ಜಮಖಂಡಿಯವಳು, ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಎಷ್ಟೋ ವರ್ಷ ಚಿಕ್ಕವಳು. ಆದರೆ ಮೊದಲ ದಿನವೇ ನನಗೆ ಬುದ್ಧಿ ಹೇಳಿದವಳು. ನಾನು ನನ್ನ ಪ್ರೀತಿಯ ಬೂದು ಬಣ್ಣದ ಸೀರೆ ಉಟ್ಟು ಕೂತಿದ್ದೆ. ಎದುರಿಗೆ ಬಂದು ನಿಂತು, ಮೇಲಿಂದ ಕೆಳಗೆ ನೋಡಿ, ‘ಅಕ್ಕೋರ, ನೀವು ಗ್ವಾಡಿ ಮುಂದ ನಿಂತ್ರ ಗ್ವಾಡಿ ಯಾವುದು, ನೀವ್ಯಾರು ಗೊತ್ತಾಗಾಂಗಿಲ್ಲ ನೋಡ್ರಿ’ ಅಂದಳು.

ಪರಿಚಯವೇ ಆಗಿರಲಿಲ್ಲ! ಸಿಟ್ಟು ನೆತ್ತಿಗೇರಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳದೆ ಕೇಳದೆ ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ಕೈ ಹಾಕಿದಳು. ರೊಟ್ಟಿ ಮುರಿದು ಬಾಯಿಗಿಟ್ಟು, ‘ಯವ್ವಾ, ಇದು ಮಾತ್ರ ಭಾಳ ಛಲೋ ಆಗೇತ್ರಿ’ ಅಂದಳು. ಸಿಟ್ಟು ಅಲ್ಲೇ ಇಳಿಯಿತು. ಏನು ಮಾಡಲಿ, ನನ್ನ ಚಟ್ನಿ ಹೊಗಳಿದವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ನನ್ನಿಂದ ಆಗುವ ಕೆಲಸವಲ್ಲ.

ಕಬ್ಬಿನ ಸೀಜನ್ನಿನಲ್ಲಿ ನಮ್ಮ ರಸ್ತೆಗಳ ಅವಸ್ಥೆ ನಿಮಗೆ ಹೇಳಬೇಕೆ? ಮುಂದೊಂದು ಟ್ರ್ಯಾಕ್ಟರು, ಹಿಂದೆರಡು ಟ್ರೇಲರು, ಎಲ್ಲಕ್ಕಿಂತ ಮೇಲೆ ಕಿವಿ ಕಿತ್ತುಹೋಗುವ ಸ್ಪೀಕರು. ಅದರ ಹಿಂದೆ ಸಿಕ್ಕಿಕೊಂಡ ಬಸ್ಸು ಬೆಲ್ ಹೊಡೆಯುವುದರೊಳಗೆ ಶಾಲೆ ಮುಟ್ಟಿದ್ದು ನಾನಂತೂ ಕಂಡಿಲ್ಲ. ಒಂದು ದಿನ ಶೈಲಾ ಸಿಕ್ಕಿಬಿದ್ದ ಬಸ್ಸಿನಿಂದ ಇಳಿದು ನೇರ ಟ್ರ್ಯಾಕ್ಟರಿನವನ ಹತ್ತಿರ ಹೋದಳಂತೆ. ‘ತಮ್ಮಾ, ನನ್ನ ಲೇಟ್ ಮಾಡಿದಿ, ದಂಡಾ ಕೊಡು’ ಅಂದಳಂತೆ. ಅವನು ನಗುತ್ತ ಎರಡು ಕಬ್ಬು ಎಳೆದು ಕೊಟ್ಟ. ಇವಳು ನಾಗರಹಾವಿನಂತೆ ಮಿರಿಮಿರಿ ಮಿಂಚುವ ಸೀರೆ ಉಟ್ಟು, ಹೆಗಲ ಮೇಲೆ ಕಬ್ಬು ಹೊತ್ತು ಶಾಲೆಯ ಗೇಟಿಗೆ ಬಂದಳು. ಗೇಟಿನಲ್ಲಿ ಹೆಡ್‌ಮಾಸ್ತರು ವಾಚು ನೋಡುತ್ತ ನಿಂತಿದ್ದರು.

‘ಯಾಕ್ರಿ ಟೀಚರ್, ಲೇಟು?’

‘ಸರ್, ಪಾಠೋಪಕರಣ ತರಾಕ ಹೋಗಿದ್ನಿ.’

ಆ ದಿನ ಒಂಬತ್ತನೇ ಕ್ಲಾಸಿನವರು ಬೇರಿನಿಂದ ನೀರು ಮೇಲೆ ಏರುವುದು ಹೇಗೆ ಎಂಬುದನ್ನು ಕಬ್ಬು ಸೀಳಿ ನೋಡಿದರು. ಆಮೇಲೆ ಪಾಠೋಪಕರಣವನ್ನು ತಿಂದರು. (ಹೆಡ್‌ಮಾಸ್ತರಿಗೂ ಒಂದು ಗಣ್ಣು ಹೋಯಿತು. ಲೇಟ್ ಮಾರ್ಕ್ ಬೀಳಲಿಲ್ಲ.)

ಇಂಥವಳು ಸೀರೆ ಆರಿಸಿದರೆ ಹೇಗಿರಬೇಕು? ‘ಹುಡುಗ್ರಿಗೆ ಟೀಚರ್ ದೂರದಿಂದ ಕಾಣಬೇಕ್ರಿ. ಬಸ್ ಸ್ಟ್ಯಾಂಡಿನಿಂದನ ಕಾಣಬೇಕು’ ಎನ್ನುವುದು ಅವಳ ಸಿದ್ಧಾಂತ. ಮೊದಲ ವರ್ಷ ಗಿಳಿಹಸಿರು. ಆ ಸೀರೆಯ ನೆಪದಲ್ಲೇ ನಮ್ಮ ಹೆಂಗಸರ ವಾಟ್ಸಾಪ್ ಗ್ರೂಪ್ ಹುಟ್ಟಿತು. ಗ್ರೂಪಿಗೆ ‘ಗಿಳಿ ಹಿಂಡು’ ಎಂದು ಹೆಸರಿಟ್ಟವಳೂ ಅವಳೇ, ಅಡ್ಮಿನ್ನೂ ಅವಳೇ.

ಇನ್ನೊಂದು ವರ್ಷ ಅರಿಷಿಣ ಮೈ, ಗುಲಾಬಿ ದಡಿ. ಆ ವರ್ಷದ ಕಥೆ ಹೇಳದಿದ್ದರೆ ಊಟ ಸೇರುವುದಿಲ್ಲ. ಗ್ಯಾದರಿಂಗ್ ದಿನ ನಾವೆಲ್ಲ ಸಿಂಗಾರ ಮಾಡಿಕೊಂಡು ಬಂದು ನೋಡುತ್ತೇವೆ, ಶಾಮಿಯಾನದವನು ಸ್ಟೇಜಿನ ಹಿಂದೆ ಕಟ್ಟಿದ ಬಟ್ಟೆಯೂ ಅರಿಷಿಣ. ಅದರ ಅಂಚೂ ಗುಲಾಬಿ! ಗ್ರೂಪ್ ಫೋಟೋ ಬಂತು. ಫೋಟೋದಲ್ಲಿ ನಾವು ಇಲ್ಲ. ಬರೇ ನಮ್ಮ ತಲೆಗಳು ಇದ್ದವು, ಶಾಮಿಯಾನಕ್ಕೆ ತೂಗುಹಾಕಿದ ಹಾಗೆ. ಹೆಡ್‌ಮಾಸ್ತರು ಎರಡು ದಿನ ನಗು ತಡೆಯಲಾರದೆ ಸ್ಟಾಫ್ ರೂಮಿಗೆ ಬರಲೇ ಇಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವಳು ಶೈಲಾ. ಆ ಫೋಟೋದಲ್ಲೇ ಅವಳ ಬಾಯಿ ತೆರೆದಿದೆ, ನೋಡಿ ಬೇಕಾದರೆ.

ಸೀರೆ ಬರುವುದು ಬನಹಟ್ಟಿಯಿಂದ. ಅಲ್ಲಿ ದುಂಡಪ್ಪ ಕಾಕಾ ಅಂತ ನಮ್ಮ ಖಾಯಂ ನೇಕಾರ. ಮನೆಯ ಹಿಂದೆಯೇ ಪವರ್‌ಲೂಮು. ಅಲ್ಲಿ ಮಾತಾಡಬೇಕೆಂದರೆ ಮಗ್ಗದ ಸದ್ದಿಗಿಂತ ಎತ್ತರದ ದನಿ ಬೇಕು. ಶೈಲಾಗೆ ಅದೇನು ಕಷ್ಟ? ರೇಟಿನ ಮೇಲೆ ಇಬ್ಬರೂ ಹರಿಹಾಯುತ್ತಿದ್ದರೆ ಓಣಿಯವರು ಹೊರಗೆ ಬಂದು ನಿಲ್ಲುತ್ತಿದ್ದರು. ‘ಕಾಕಾ, ನಾವೇನ ಸೀರಿ ತಗೊಳಾಕ ಬಂದೀವೋ, ಮಗ್ಗಾ ತಗೊಳಾಕ ಬಂದೀವೋ?’ ಎಂದು ಇವಳು. ‘ಅಕ್ಕೋರ, ಹಂಗಾರ ನನ್ನೂ ಸೇರಿಸಿ ತಗೊಂಡ ಹೋಗ್ರಿ’ ಎಂದು ಅವರು. ಕಡೆಗೆ ಚಹಾ ಬರುತ್ತಿತ್ತು. ಇಬ್ಬರೂ ಗೆದ್ದವರ ಹಾಗೆ ಕುಡಿಯುತ್ತಿದ್ದರು.

ಹೋದ ವರ್ಷ ಗ್ಯಾದರಿಂಗ್ ಮುಗಿದ ಮೇಲೆ ಒಂದು ಶನಿವಾರ ಸಂಜೆ ಗಿಳಿ ಹಿಂಡಿಗೆ ಅವಳ ಮೆಸೇಜು ಬಂತು. ‘ಸೋಮವಾರ ಯಾರರ ರಂಜಕ ತರ್ರಿ. ಮೊಸರ ನಾ ತರತೀನಿ.’ ರಂಜಕ ಅಂದರೆ ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ. ಅವಳು ಮೂಗು, ಕಣ್ಣು ಎಲ್ಲ ಸೋರಿಸಿಕೊಂಡು ತಿನ್ನುತ್ತಿದ್ದಳು. ಭಾನುವಾರ ಮುಂಜಾನೆ ನಾನು ರಂಜಕ ಅರೆಯುತ್ತಿದ್ದೆ. ಫೋನು ಬಂತು. ಶೈಲಾ ಅರಿವೆ ಒಗೆದು ಹಾಕಿ ಬಂದವಳು, ಯಾಕೋ ಎದಿ ಹಿಡದಂಗ ಆಗೇತಿ ಅಂದು ಕಟ್ಟೆಯ ಮೇಲೆ ಕೂತಳಂತೆ. ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಮೂವತ್ತೈದೂ ತುಂಬಿರಲಿಲ್ಲ.

ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ಗದ್ದಲ ಹಾಕುತ್ತಿದ್ದವಳು ಒಂದು ಮಾತೂ ಹೇಳದೆ ಹೋಗುವುದು ಅಂದರೇನು? ರಜಾ ಚೀಟಿಯನ್ನೂ ಕೊಡದೆ? ಆ ರಂಜಕವನ್ನು ನಾನು ಇವತ್ತಿನವರೆಗೆ ಮತ್ತೆ ಮಾಡಿಲ್ಲ.

ಆಮೇಲೆ ಏನಾಯಿತು? ಎಲ್ಲ ಕಡೆ ಆಗುವುದೇ. ಪಾಠಗಳು ನಡೆಯಬೇಕಲ್ಲ, ನಡೆದವು. ಆದರೆ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಅವಳ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳಲೂ ಇಲ್ಲ. ಒಬ್ಬರು ಅದರ ಮೇಲೆ ಊಟದ ಡಬ್ಬಿಯ ಚೀಲ ಇಟ್ಟರು, ಮರುದಿನ ಇನ್ನೊಬ್ಬರು ಇಟ್ಟರು. ಹಾಗೇ ರೂಢಿಯಾಯಿತು. ಗಿಳಿ ಹಿಂಡಿನಿಂದ ಅವಳ ನಂಬರನ್ನೂ ಯಾರೂ ತೆಗೆಯಲಿಲ್ಲ. ತೆಗೆಯುವುದಕ್ಕೆ ಬರುವುದೂ ಇಲ್ಲ, ಅಡ್ಮಿನ್ ಅವಳೊಬ್ಬಳೇ ಅಲ್ಲವೆ? ಅವಳ ಅಪ್ಪಣೆ ಇಲ್ಲದೆ ಆ ಗ್ರೂಪಿಗೆ ಯಾರನ್ನೂ ಸೇರಿಸುವ ಹಾಗೂ ಇಲ್ಲ, ತೆಗೆಯುವ ಹಾಗೂ ಇಲ್ಲ. ಹೋದರೂ ಅಧಿಕಾರ ಬಿಟ್ಟುಕೊಡಲಿಲ್ಲ ನೋಡಿ!

ಈ ವರ್ಷದ ಗ್ಯಾದರಿಂಗ್ ಬಂತು. ಸೀರೆ ಬೇಕೋ ಬೇಡವೋ ಎಂಬ ಮಾತೆದ್ದಿತು. ಎಲ್ಲರ ಮುಖ ಸಣ್ಣದಾಯಿತು. ಆಗ ಗೌರಕ್ಕ, ನಮ್ಮ ಕನ್ನಡದ ಟೀಚರ್, ರಿಟೈರ್‌ಮೆಂಟಿನ ಹೊಸ್ತಿಲಲ್ಲಿರುವವರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತೀರ್ಪು ಕೊಟ್ಟರು. ‘ತರೂದ ಬಿಟ್ರ ಆಕಿ ಮ್ಯಾಲಿಂದ ಬೈತಾಳ. ಆಕಿ ಬಾಯಿಗೆ ಯಾರ ಬೀಳ್ತೀರವ್ವಾ? ತರೂಣು.’

ಸರಿ, ಬಣ್ಣ ಯಾವುದು? ಶೈಲಾ ಇದ್ದಾಗ ನಮಗೆ ಆರಿಸುವ ಹಕ್ಕೇ ಇರಲಿಲ್ಲ. ಈಗ ಪೂರ್ಣ ಸ್ವಾತಂತ್ರ್ಯ! ಒಬ್ಬರು ಪಿಸ್ತಾ ಅಂದರು. ಒಬ್ಬರು ಪೀಚ್ ಅಂದರು. ನಾನು ಧೈರ್ಯ ಮಾಡಿ ಬೂದು ಅಂದೆ. ಎಲ್ಲರೂ ಒಟ್ಟಿಗೆ ‘ಬ್ಯಾಡs ಬ್ಯಾಡ’ ಅಂದರು. ಅರ್ಧ ಗಂಟೆ ಕಿತ್ತಾಡಿದೆವು. ಕಡೆಗೆ ದುಂಡಪ್ಪ ಕಾಕಾಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ, ಸುತ್ತ ನಿಂತೆವು. ಏನೇನು ಬಣ್ಣ ಇವೆ ಎಂದು ಕೇಳಿದರೆ, ಮಗ್ಗದ ಸದ್ದಿನ ನಡುವೆ ಅವರು ಒಂದೊಂದೇ ಹೇಳುತ್ತ ಬಂದು ‘ಗಿಳಿಹಸರ, ಗುಲಾಬಿ ದಡಿ’ ಅಂದರು. ನಮ್ಮ ಬಾಯಿಂದ ಒಟ್ಟಿಗೆ ‘ಅದs!’ ಎಂದು ಬಂತು. ಬೇರೆ ಬಣ್ಣಗಳೆಲ್ಲ ಅಲ್ಲೇ ಸತ್ತವು.

‘ಎಷ್ಟ ಬೇಕ್ರಿ? ಹೋದ ವರ್ಷದಷ್ಟs ಏನು?’

‘ಹೂನ್ರಿ, ಹೋದ ವರ್ಷದಷ್ಟs’ ಎಂದು ಎಲ್ಲರೂ ಕೂಗಿದೆವು. ನಾನು ಎಲ್ಲರಿಗಿಂತ ಜೋರಾಗಿ.

ಒಂದು ಶನಿವಾರ ಮುಂಜಾನೆಯ ಶಾಲೆ ಮುಗಿಸಿ ನಾನು, ಗೌರಕ್ಕ ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಬನಹಟ್ಟಿಗೆ ಹೋದೆವು. ಕಾಕಾ ಗಂಟು ಕಟ್ಟಿ ರೆಡಿ ಇಟ್ಟಿದ್ದರು. ರೇಟ್ ಹೇಳಿದರು. ನಾವು ತಲೆಯಾಡಿಸಿದೆವು. ಅವರ ಮುಖ ಒಂದು ಥರ ಆಯಿತು. ಬೆಲೆ ಇಳಿಸಿ ಎಂದು ಗಿರಾಕಿ ಜಗಳ ಮಾಡದಿದ್ದರೆ ವ್ಯಾಪಾರಿಗೆ ಸಂಶಯ ಬರುವುದು ಸಹಜ ತಾನೆ?

‘ಯಾಕ್ರಿ, ಶೈಲಾ ಅಕ್ಕೋರು ಬಂದಿಲ್ಲೇನು? ಜಗಳಾ ಇಲ್ಲದ ಸೀರಿ ಹೆಂಗ ಕೊಡೂದ ನಾ?’ ಎಂದು ಮಗ್ಗದ ಸದ್ದಿಗಿಂತ ಮೇಲೆ ಕೂಗಿ ಕೇಳಿದರು.

ಅವರಿಗೆ ಗೊತ್ತೇ ಇರಲಿಲ್ಲ. ನಾವು ಯಾರೂ ಹೇಳಿರಲಿಲ್ಲ. ಗೌರಕ್ಕ ನನ್ನ ಮುಖ ನೋಡಿದರು, ನಾನು ಗೌರಕ್ಕನ ಮುಖ ನೋಡಿದೆ. ಕೆಲವು ಮಾತುಗಳನ್ನು ಮೆಲ್ಲಗೆ ಹೇಳಬೇಕು. ಆ ಮನೆಯಲ್ಲಿ ಮೆಲ್ಲಗೆ ಹೇಳುವುದಕ್ಕೆ ದಾರಿಯೇ ಇಲ್ಲ. ‘ಶೈಲಾ ತೀರಿಕೊಂಡ್ಲ್ರಿ ಕಾಕಾ’ ಎಂದು ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಹೋದ ಮೇಲೆ ಆ ಮಾತನ್ನು ಅಷ್ಟು ದೊಡ್ಡದಾಗಿ ನಾನು ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ಕಣ್ಣಲ್ಲಿ ನೀರು ಬಂತು.

ಕಾಕಾ ಎದ್ದುಹೋಗಿ ಮಗ್ಗದ ಸ್ವಿಚ್ ಆರಿಸಿದರು. ಬಂದು ಕೂತರು. ಗಂಟಿನ ಮೇಲೆ ಕೈ ಇಟ್ಟರು. ಆಮೇಲೆ, ‘ಹಂಗಾರ ಇದರಾಗ ಒಂದು ಆಕಿದು ಐತಿ’ ಅಂದರು.

ನಮಗೆ ಆಗ ಹೊಳೆಯಿತು. ಹೋದ ವರ್ಷದಷ್ಟೇ ಅಂದೆವಲ್ಲ, ಹೋದ ವರ್ಷ ಶೈಲಾ ಇದ್ದಳು!

‘ಕಾಕಾ, ಒಂದು ನೀವು ವಾಪಸ್ ಇಟ್ಗೋರಿ’ ಅಂದರು ಗೌರಕ್ಕ.

‘ಇಲ್ರಿ, ನಾ ಇಟ್ಗೊಳಾಂಗಿಲ್ಲ. ಆಕಿ ಜಗಳಾ ಮಾಡತಾಳು ಅಂತ ಮನಸಿನ್ಯಾಗ ಇಟ್ಗೊಂಡ ನೇದೀನಿ ಇವನ್ನ. ಒಯ್ರಿ. ಕಪಾಟನ್ಯಾಗ ಇಟ್ಟು ಹುಳಾ ಮಾತ್ರ ಹಿಡಸಬ್ಯಾಡ್ರಿ. ಯಾರರ ಉಡಲಿ.’

ತಂದೆವು. ಸೋಮವಾರ ಊಟದ ಬಿಡುವಿನಲ್ಲಿ ಗಂಟು ಬಿಚ್ಚಿ ಹಂಚಿದೆವು. ಒಬ್ಬೊಬ್ಬರು ಒಂದೊಂದು ತೆಗೆದುಕೊಂಡರು. ಮೇಜಿನ ಮೇಲೆ ಒಂದು ಉಳಿಯಿತು. ನಾನು ಕಾಕಾ ಹೇಳಿದ್ದನ್ನು ಹೇಳಿದೆ. ಯಾರಿಗೂ ಊಟ ಸೇರಲಿಲ್ಲ. (ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ರೇಣುಕಾ ಟೆಸ್ಟ್ ಪೇಪರ್ ತಿದ್ದುತ್ತ ಕೂತಿದ್ದಳು. ಬೀಳಗಿ ಕಡೆಯ ಹುಡುಗಿ, ಶೈಲಾಳ ಪಿರಿಯಡ್ಡುಗಳಿಗೆ ಬಂದ ಅತಿಥಿ ಶಿಕ್ಷಕಿ.) ಸೀರೆಯನ್ನು ಯಾರೋ ಎತ್ತಿ ಶೈಲಾಳ ಕುರ್ಚಿಯ ಮೇಲೆ, ಡಬ್ಬಿ ಚೀಲಗಳ ಪಕ್ಕ ಇಟ್ಟರು.

ಅಲ್ಲಿಂದ ಶುರುವಾಯಿತು ಚರ್ಚೆ. ವಿಧಾನಸಭೆಯಲ್ಲೂ ಇಷ್ಟು ಶ್ರದ್ಧೆಯ ಚರ್ಚೆ ನಡೆಯುವುದಿಲ್ಲ.

ಅವಳ ಫೋಟೋಕ್ಕೆ ಹೊದಿಸೋಣ ಎಂದರು ಒಬ್ಬರು. ಫೋಟೋ ಅಂಗೈಯಷ್ಟಿದೆ, ಸೀರೆಯೊಳಗೆ ಹುಡುಕಬೇಕಾಗುತ್ತದೆ ಎಂದರು ಇನ್ನೊಬ್ಬರು. ಜಮಖಂಡಿಗೆ, ಅವಳ ತಾಯಿಗೆ ಕೊಡೋಣ ಎಂದು ಫೋನ್ ಮಾಡಿದೆವು. ಆ ತಾಯಿ ಮಗಳ ಬಾಯಿ ಎಲ್ಲಿಂದ ಬಂತು ಎಂಬುದನ್ನು ತೋರಿಸಿಕೊಟ್ಟರು. ‘ಗಿಳಿಹಸರ ಉಡು ವಯಸ್ಸೇನ್ರಿ ನಂದು? ಓಣ್ಯಾಗ ಮಂದಿ ನಗಬೇಕೇನು? ಸಾಲಿ ಸೀರಿ ಸಾಲ್ಯಾಗs ಇರಲಿ ಬಿಡ್ರಿ’ ಅಂದರು. ಅಂದು ಅತ್ತರು. ಅತ್ತು, ಗ್ಯಾದರಿಂಗ್ ಯಾವಾಗ ಎಂದು ಕೇಳಿದರು.

ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ‘ಸ್ಟೇಜಿನ ಟೇಬಲ್ಲಿಗೆ ಹಾಸಿದ್ರ ಹೆಂಗ್ರಿ? ಛಲೋ ಕಾಣತೈತಿ’ ಅಂದರು. ಎಲ್ಲರೂ ಅವರನ್ನು ನೋಡಿದ ರೀತಿಗೆ ಅವರಿಗೆ ಆಫೀಸಿನಲ್ಲಿ ಏನೋ ಅರ್ಜೆಂಟ್ ಕೆಲಸ ನೆನಪಾಯಿತು.

(ಇಷ್ಟೂ ದಿನ ರೇಣುಕಾ ಸ್ಟೂಲಿನ ಮೇಲೆ ಕೂತು ಪೇಪರ್ ತಿದ್ದಿದಳು, ರೊಟ್ಟಿ ತಿಂದಳು, ಬೆಲ್ ಹೊಡೆದಾಗ ಎದ್ದು ಹೋದಳು.)

ಶುಕ್ರವಾರ ಬಂತು. ಮರುದಿನ ಸಂಜೆ ಗ್ಯಾದರಿಂಗ್. ನಾವು ಬ್ಲೌಸು, ಬಳೆ, ಮುಡಿಗೆ ಯಾವ ಹೂವು ಎಂದು ಮಾತಾಡುತ್ತ ಕೂತಿದ್ದೆವು. ಮಾತು ಮತ್ತೆ ಆ ಕುರ್ಚಿಯ ಕಡೆ ತಿರುಗಿತು. ‘ಹೆಚ್ಚಾದ ಆ ಒಂದು ಸೀರಿ ಏನ ಮಾಡೂದು?’ ಎಂದು ಯಾರೋ ನೂರನೇ ಸಲ ಕೇಳಿದರು.

‘ಅಕ್ಕೋರ, ನಾ ಒಂದ ಮಾತ ಕೇಳಲಿ?’

ರೇಣುಕಾ. ಪೆನ್ನಿನ ಮುಚ್ಚಳ ಹಾಕಿ ಎದ್ದು ನಿಂತಿದ್ದಳು.

‘ನಾಳೆ ನಾ ಏನ ಉಟ್ಗೊಂಡ ಬರಬೇಕ್ರಿ?’

ಪ್ರಶ್ನೆಯೇ ನಮಗೆ ಸರಿಯಾಗಿ ಅರ್ಥವಾಗಲಿಲ್ಲ.

‘ಹೋದ ವರ್ಷದಷ್ಟs ಅಂದ್ರಿ. ಹೋದ ವರ್ಷ ಶೈಲಾ ಅಕ್ಕೋರು ಇದ್ರು. ಈ ವರ್ಷ ನಾ ಅದೀನಿ. ಅಷ್ಟs ಮಂದಿ ಅದೀವಲ್ರಿ. ಹೆಚ್ಚಾಗಿದ್ದು ಹೆಂಗ?’

ನಾನು ಗಣಿತದ ಟೀಚರ್ ಎಂದು ಮೊದಲೇ ಹೇಳಿದ್ದೆನಲ್ಲ? ಈಗ ನಗಬಹುದು.

ಒಂದು ವಾರ ಪೂರ್ತಿ ತಲೆ ಕೆಡಿಸಿಕೊಂಡೆವು. ಸೀರೆ ಹೆಚ್ಚಾಗಿರಲೇ ಇಲ್ಲ. ಎಣಿಸುವಾಗ ನಾವು ಒಬ್ಬಳನ್ನು ಬಿಟ್ಟಿದ್ದೆವು. ಸತ್ತವಳನ್ನು ಲೆಕ್ಕಕ್ಕೆ ಹಿಡಿದಿದ್ದೆವು, ಎದುರಿಗೆ ರೊಟ್ಟಿ ತಿನ್ನುತ್ತಿದ್ದವಳನ್ನು ಹಿಡಿದಿರಲಿಲ್ಲ! ಗಿಳಿ ಹಿಂಡಿನಲ್ಲಿ ಶೈಲಾಳ ನಂಬರ್ ಇದೆ, ರೇಣುಕಾಳದು ಇಲ್ಲ. ಶೈಲಾಳ ಕುರ್ಚಿ ಇದೆ, ರೇಣುಕಾಗೆ ಸ್ಟೂಲು. ಹೊಸ ಗ್ರೂಪ್ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಚೀಲಗಳನ್ನು ನೆಲಕ್ಕೆ ಇಡುವುದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಮನಸ್ಸು ಕೆಟ್ಟದಿರಲಿಲ್ಲ, ದೇವರಾಣೆ. ಶೈಲಾಳನ್ನು ನೆನೆಯುವುದರಲ್ಲಿ ಅಷ್ಟು ಮುಳುಗಿದ್ದೆವು. ಅಷ್ಟೇ.

ನೀವೂ ಹಿಂದೆ ತಿರುಗಿ ನೋಡಿ. ಈ ಬರಹದಲ್ಲೂ ನಾನು ಆ ಹುಡುಗಿಯನ್ನು ಇಷ್ಟು ಹೊತ್ತು ಬ್ರಾಕೆಟ್ಟಿನೊಳಗೇ ಇಟ್ಟಿದ್ದೆ.

ಮೊದಲು ಬಾಯಿ ಬಿಟ್ಟವರು ಗೌರಕ್ಕ. ಅವರಿಗೆ ನಾಚಿಕೆಗಿಂತ ಚಿಂತೆ ದೊಡ್ಡದು. ‘ತಂಗಿ, ನಿನ್ನ ಮಾತ ಖರೆ ಐತಿ. ತಪ್ಪ ನಮ್ಮದು. ಆದ್ರ ಅದು ತೀರಿಕೊಂಡಾಕಿ ಹೆಸರಿಂದು ಆಗೇತಲ್ಲ. ನೀ ಇನ್ನೂ ಹೊಸದಾಗಿ ಮದಿವಿ ಆದಾಕಿ. ನಿಮ್ಮತ್ತಿ ಏನಂತಾಳೋ ಏನೋ. ನಿನಗ ಬ್ಯಾರೆ ತರೂಣೇನು?’

ರೇಣುಕಾಳ ಮುಖ ಕೆಂಪಾಯಿತು. ಇಷ್ಟು ದಿನ ಅವಳಿಗೆ ದನಿಯೇ ಇಲ್ಲ ಎಂದು ನಾನು ತಿಳಿದಿದ್ದೆ. ಇತ್ತು. ಬನಹಟ್ಟಿಯ ಮಗ್ಗದ ಮನೆಯಲ್ಲೂ ಕೇಳಿಸುವಂಥ ದನಿ ಇತ್ತು.

‘ಅಕ್ಕೋರ, ಅವರ ಪಿರಿಯಡ್ ನಾ ತಗೋತೀನಿ, ನಡೀತೈತಿ. ಅವರ ಲ್ಯಾಬಿನ ಕೀಲಿ ನನ್ನ ಕಡೆ ಐತಿ, ನಡೀತೈತಿ. ಹತ್ತನೇತ್ತೆ ಹುಡುಗ್ರು ದಿನಾ ಶೈಲಾ ಅಕ್ಕೋರು ಹಿಂಗ ಹೇಳತಿದ್ರು, ಹಂಗ ಹೇಳತಿದ್ರು ಅಂತಾರ, ಅದನ್ನೂ ಕೇಳತೀನಿ. ಅವರು ಒಂದ ದಿನಾನೂ ಉಡದ ಹೊಸಾ ಸೀರಿ ಮಾತ್ರ ನಡಿಯಂಗಿಲ್ಲೇನ್ರಿ?’

ಆಮೇಲೆ ಮೆಲ್ಲಗೆ, ‘ನಮ್ಮತ್ತಿ ಏನೂ ಅನ್ನಾಂಗಿಲ್ರಿ. ಬೀರಪ್ಪದೇವರ ಮುಂದಿಟ್ಟು ಅರಿಷಿಣದ ಭಂಡಾರ ಹಚ್ಚಿ ಉಡು ಅಂತಾರ, ಮುಗೀತು. ನೀವು ಕೊಡ್ತೀರೋ ಇಲ್ಲೋ ಅಷ್ಟ ಹೇಳ್ರಿ’ ಅಂದಳು.

ಗೌರಕ್ಕ ಕನ್ನಡಕ ಏರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

ಆಮೇಲೆ ನಕ್ಕರು. ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿದುಕೊಳ್ಳುವಷ್ಟು ಆಯಿತು. ‘ಯವ್ವಾ, ಆಕಿ ಹೋದ್ಲು ಅಂತ ಅತ್ತಿದ್ದs ಬಂತು. ಆಕಿಗಿಂತ ಜೋರಿದ್ದಾಕಿನ್ನ ಬಾಗಲ ಬಾಯಿಗೆ ಕುಂಡ್ರಿಸೀವಲ್ಲ ನಾವು!’ ಎಂದರು. ಎಲ್ಲರೂ ನಕ್ಕೆವು. ಎಷ್ಟು ತಿಂಗಳ ಮೇಲೆ ಆ ಕೋಣೆಯಲ್ಲಿ ಅಂಥ ನಗು ಕೇಳಿಸಿತೋ. ಹೆಡ್‌ಮಾಸ್ತರು ಹಳೆಯ ರೂಢಿಯಂತೆ ಓಡಿಬಂದು ‘ಏನ ನಡದೈತ್ರಿ ಇಲ್ಲೆ?’ ಎಂದು ಬಾಗಿಲಲ್ಲಿ ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

ನಾನು ಎದ್ದು ಕಿಟಕಿ ಪಕ್ಕದ ಕುರ್ಚಿಯ ಮೇಲಿನ ಡಬ್ಬಿ ಚೀಲಗಳನ್ನೆಲ್ಲ ತೆಗೆದು ಕೆಳಗಿಟ್ಟೆ. ರೇಣುಕಾಳನ್ನು ಅಲ್ಲಿ ಕೂರಿಸಿದೆವು. ಉಡಿ ತುಂಬದೆ ಹೆಣ್ಣುಮಕ್ಕಳಿಗೆ ಸೀರೆ ಕೊಡುವುದುಂಟೆ? ಆದರೆ ಸ್ಟಾಫ್ ರೂಮಿನಲ್ಲಿ ಉಡಿ ತುಂಬುವ ಸಾಮಾನು ಎಲ್ಲಿಂದ ಬರಬೇಕು? ಬಿಸಿಯೂಟದ ಅಡುಗೆಮನೆಯಿಂದ ಒಂದು ಹಿಡಿ ಅಕ್ಕಿ ಬಂತು. ಕೊಬ್ಬರಿ ಸಿಗಲಿಲ್ಲ, ಯಾರದೋ ಚೀಲದಿಂದ ಒಂದು ಪೇರಲ ಹಣ್ಣು ಬಂತು. ಕುಂಕುಮದ ಬದಲು ಗೌರಕ್ಕ ತಮ್ಮ ಹಣೆಯ ಟಿಕಲಿಯನ್ನೇ ಕಿತ್ತು ಅವಳ ಹಣೆಗೆ ಹಚ್ಚಿದರು. ಗಿಳಿಹಸಿರು ಸೀರೆ ಉಡಿಯಲ್ಲಿಟ್ಟರು. ಆ ಜೋರಿನ ಹುಡುಗಿ ತಲೆ ತಗ್ಗಿಸಿಕೊಂಡು ಅತ್ತಳು. ನನಗೂ ಅಳು ಬಂತು. ಆದರೆ ಈ ಸಲ ಸಿಟ್ಟು ಬರಲಿಲ್ಲ.

ಗ್ಯಾದರಿಂಗ್ ಜೋರಾಗಿ ಆಯಿತು. ಮೈಕಿನವನು ಎಂದಿನಂತೆ ಕೈ ಕೊಟ್ಟ. ಎಂದಿನಂತೆ ಜಗಳವೂ ಆಯಿತು. ಮಾಡಿದವಳು ರೇಣುಕಾ. ಶಾಮಿಯಾನದವನಿಗೆ ನಾನು ಮೊದಲೇ ಫೋನ್ ಮಾಡಿ ಹಸಿರು ಬಟ್ಟೆ ತರಬಾರದು ಎಂದು ಎಚ್ಚರಿಸಿದ್ದೆ. ಹೀಗಾಗಿ ಈ ವರ್ಷದ ಫೋಟೋದಲ್ಲಿ ನಮ್ಮೆಲ್ಲರಿಗೂ ತಲೆಯ ಜೊತೆಗೆ ಮೈಯೂ ಇದೆ. ಮುಂದಿನ ಸಾಲಿನಲ್ಲಿ ಶೈಲಾಳ ತಾಯಿ ಕೂತಿದ್ದರು. ಜಮಖಂಡಿಯಿಂದ ತಾವೇ ಬಸ್ಸು ಹತ್ತಿ ಬಂದಿದ್ದರು. ರೇಣುಕಾಳ ಸೆರಗಿನ ದಡಿ ಹಿಡಿದು ನೋಡಿ, ‘ನಮ್ಮಾಕಿ ಇದ್ದಿದ್ರ ಇನ್ನಷ್ಟ ಗಾಢ ಬಣ್ಣ ತರತಿದ್ಲು’ ಅಂದರು. ಇದಕ್ಕಿಂತ ಗಾಢ ಬಣ್ಣ ಭೂಮಿಯ ಮೇಲೆ ಇದೆಯೆ ಎಂದು ನನಗೆ ಅನುಮಾನ. ತಾಯಿಯ ಮುಂದೆ ಯಾರು ವಾದ ಮಾಡಬೇಕು?

ಎರಡು ದಿನ ಬಿಟ್ಟು ದುಂಡಪ್ಪ ಕಾಕಾಗೆ ಫೋಟೋ ಕಳಿಸಿದೆ. ಅವರು ಫೋನ್ ಮಾಡಿದರು. ನಾನು ಕ್ಲಾಸಿಗೆ ಹೊರಟಿದ್ದೆ, ಫೋನನ್ನು ರೇಣುಕಾಳ ಕೈಗೆ ಕೊಟ್ಟೆ. ಎರಡು ನಿಮಿಷ ಬಿಟ್ಟು ಕಾರಿಡಾರಿನವರೆಗೆ ಕೇಳಿಸಿತು. ‘ಮುಂದಿನ ವರ್ಷದ ಸೀರಿಗೆ ಅದೇನ ರೇಟ್ರಿ ಕಾಕಾ ಅದು? ನಾವು ಬೀಳಗಿ ಮಂದಿ, ನಮಗ ಹಂಗೆಲ್ಲ ಹೇಳಬ್ಯಾಡ್ರಿ!’ ಆಮೇಲೆ ಕಾಕಾ ನನಗೆ ಹೇಳಿದರು, ‘ಜಗಳಾ ಮಾಡಾಕ ಯಾರರ ಬಂದ್ರಲ್ಲ, ಇನ್ನ ಚಿಂತಿಲ್ಲ.’

ಹಳೆಯ ಗಿಳಿ ಹಿಂಡು ಹಾಗೇ ಇದೆ. ಯಾರೂ ಎಕ್ಸಿಟ್ ಆಗಿಲ್ಲ, ಆಗುವುದೂ ಇಲ್ಲ. ‘ಸೋಮವಾರ ಯಾರರ ರಂಜಕ ತರ್ರಿ’ ಎನ್ನುವುದೇ ಅದರಲ್ಲಿ ಕಡೆಯ ಮಾತಾಗಿ ಇರುತ್ತದೆ. ಅದರ ಪಕ್ಕದಲ್ಲಿ ಹೊಸದೊಂದು ಹಿಂಡು ಹುಟ್ಟಿದೆ. ಅದರ ಅಡ್ಮಿನ್ ನಾವೆಲ್ಲರೂ. (ಅಧಿಕಾರ ಒಬ್ಬರ ಕೈಯಲ್ಲಿ ಕೊಟ್ಟರೆ ಏನಾಗುತ್ತದೆ ಎಂದು ನಾವು ಕಲಿತಿದ್ದೇವೆ.) ನಿನ್ನೆ ಅದಕ್ಕೆ ನಾನೇ ಒಂದು ಮೆಸೇಜ್ ಹಾಕಿದೆ. ಸೋಮವಾರ ರಂಜಕ ತರುತ್ತೇನೆ, ಮೊಸರು ಯಾರು ತರುತ್ತೀರಿ ಎಂದು.

ಹೋದವರಿಗೆ ಜಾಗ ಇಟ್ಟುಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಶೈಲಾಗೆ ನನ್ನೊಳಗೆ ಇರುವ ಜಾಗವನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಅವಳ ಕುರ್ಚಿಯ ಮೇಲೆ ನಮ್ಮ ಡಬ್ಬಿ ಚೀಲ ಕಂಡಿದ್ದರೆ ಅವಳೇ ಎಲ್ಲರಿಗಿಂತ ಮೊದಲು ಎತ್ತಿ ಒಗೆಯುತ್ತಿದ್ದಳು.

ಅದಿರಲಿ, ನಿಮ್ಮ ಆಫೀಸಿನಲ್ಲಿ ಸ್ಟೂಲಿನ ಮೇಲೆ ಯಾರು ಕೂತಿದ್ದಾರೆ?